ಅರ್ಧ ಟಿಕೆಟ್ಟೂ ಅಲ್ಲ, ಫುಲ್ಲೂ ಅಲ್ಲ

ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೊರಟ ಕೆಂಪು ಬಸ್ಸು. ಮೂರು ಜನರ ಸೀಟಿನಲ್ಲಿ ಅಮ್ಮ, ಮಗಳು, ಮಗ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅಮ್ಮನದೂ ಮಗಳದೂ ಸೊನ್ನೆ ರೂಪಾಯಿ ಟಿಕೆಟ್. ಆ ಸೀಟಿನಲ್ಲಿ ದುಡ್ಡು ಕೊಟ್ಟು ಕೂರಬೇಕಾದವನು ಕಿಟಕಿ ಪಕ್ಕ ಮೊಣಕಾಲು ಮುದುರಿಕೊಂಡಿದ್ದ ಹುಡುಗನೊಬ್ಬನೇ.

"ಹುಡುಗಂಗೆ ಎಷ್ಟಮ್ಮ ವಯಸ್ಸು?"

"ಹನ್ನೊಂದು ಕಣಪ್ಪ. ಸುಮ್ಮನೆ ಉದ್ದ ಬೆಳೆದುಬಿಟ್ಟವ್ನೆ."

ಆರರಿಂದ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟ್. ಕಂಡಕ್ಟರ್ ಅಮ್ಮನ ಮುಖ ನೋಡಲಿಲ್ಲ, ಹುಡುಗನ ಮೇಲ್ದುಟಿ ನೋಡಿದ. ಅಲ್ಲಿ ಸೀಮೆಎಣ್ಣೆ ದೀಪದ ಮಸಿ ತಾಗಿದಂಥ ಒಂದು ಗೆರೆ ಇತ್ತು. "ಎಷ್ಟನೇ ಕ್ಲಾಸಪ್ಪ ನೀನು?" ಎಂದ. "ಏಳು" ಎನ್ನಲು ಹುಡುಗ ಬಾಯಿ ತೆರೆದ. 'ಏ' ಮಂದ್ರದಲ್ಲಿ ಹೊರಟಿತು, 'ಳು' ತಾರಕ್ಕೆ ಹಾರಿ ಅಲ್ಲೇ ಒಡೆಯಿತು. ಹಿಂದಿನ ಸೀಟಿನವರು ನಕ್ಕರು. ಮಷಿನ್ನಿಂದ ಫುಲ್ ಟಿಕೆಟ್ಟೇ ಹೊರಬಂತು.

ಅದೇ ಸಂಜೆ ಅದೇ ಹುಡುಗ ಚಿಕ್ಕಮ್ಮನ ಹಳೇ ಫೋನ್ ಹಿಡಿದು ಅಟ್ಟದ ಮೆಟ್ಟಿಲ ಮೇಲೆ ಕೂತಿದ್ದ. ಇನ್‌ಸ್ಟಾಗ್ರಾಂ ಹುಟ್ಟಿದ ವರ್ಷ ಕೇಳಿತು. ಅಲ್ಲಿ ಹದಿಮೂರು ತುಂಬಿರಬೇಕು. ಅವನು ಬೆರಳಲ್ಲಿ ವರ್ಷಗಳನ್ನು ಉರುಳಿಸಿ ಎರಡು ವರ್ಷ ಹಿಂದೆ ಹೋಗಿ ನಿಂತ. ಬೆಳಿಗ್ಗೆ ಬಸ್ಸಿನಲ್ಲಿ ಅಮ್ಮ ಇಳಿಸಿದ ವಯಸ್ಸನ್ನು ಮಗ ಸಂಜೆ ಬಡ್ಡಿ ಸಮೇತ ಏರಿಸಿದ.

ಬಾಲ್ಯ ಎಲ್ಲಿಗೆ ಮುಗಿಯುತ್ತದೆ ಎಂಬುದರಲ್ಲಿ ನಮ್ಮಲ್ಲಿ ಯಾವ ಇಬ್ಬರಿಗೂ ಒಮ್ಮತವಿಲ್ಲ. ಸಾರಿಗೆಯವರ ಲೆಕ್ಕದಲ್ಲಿ ಹನ್ನೆರಡಕ್ಕೆ. ಫೋನಿನವರ ಲೆಕ್ಕದಲ್ಲಿ ಹದಿಮೂರಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೈಬಿಡುವುದು ಹದಿನಾಲ್ಕಕ್ಕೆ. ಆರೋಗ್ಯ ಇಲಾಖೆ ಎಲ್ಲರಿಗಿಂತ ಅವಸರದ್ದು. ವಾರಕ್ಕೊಮ್ಮೆ ಶಾಲೆಯಲ್ಲಿ ನುಂಗಿಸುವ ಕಬ್ಬಿಣಾಂಶದ ಮಾತ್ರೆ ಐದನೇ ಕ್ಲಾಸಿನವರೆಗೆ ಗುಲಾಬಿ, ಆರಕ್ಕೆ ಬಂದರೆ ನೀಲಿ. ಗುಲಾಬಿ ಮಾತ್ರೆ ಮಕ್ಕಳಿಗೆ, ನೀಲಿ ಮಾತ್ರೆ ಹತ್ತರಿಂದ ಹತ್ತೊಂಬತ್ತರ ಹದಿಹರೆಯದವರಿಗೆ. ಅಂದರೆ ಬೇಸಿಗೆ ರಜೆಯಲ್ಲಿ ಮಾವಿನಕಾಯಿ ಕದ್ದು ಜೂನಿನಲ್ಲಿ ಶಾಲೆಗೆ ಬರುವಷ್ಟರಲ್ಲಿ ಹುಡುಗ ಸರ್ಕಾರದ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿರುತ್ತಾನೆ. ಅವನಿಗೆ ಗೊತ್ತಾಗುವುದು ನಾಲಿಗೆ ನೀಲಿಯಾದಾಗ.

ಹೀಗೆ ಮನುಷ್ಯ ಕಂತಿನಲ್ಲಿ ದೊಡ್ಡವನಾಗುತ್ತಾನೆ. ಒಂದು ಕಂತು ಕಟ್ಟಿ ಇನ್ನೊಂದು ಬಾಕಿ ಇರುವ ಆರು, ಏಳು, ಎಂಟನೇ ತರಗತಿಯ ಆ ಮೂರು ವರ್ಷವೇ ಫಜೀತಿಯದು. ಕನ್ನಡ ಭಾಷೆಯೂ ಇಲ್ಲಿ ಸ್ವಲ್ಪ ಕೈಕೊಟ್ಟಿದೆ. 'ಹದಿಹರೆಯ' ಎಂಬ ಒಳ್ಳೆಯ ಮಾತು ನಮ್ಮಲ್ಲಿದೆ ನಿಜ, ಆದರೆ ಎಣಿಕೆಯಲ್ಲಿ 'ಹದಿ' ಕಾಣಿಸುವುದೇ ಹದಿಮೂರರಿಂದ. ಹನ್ನೊಂದು, ಹನ್ನೆರಡು 'ಹನ್ನು' ಕಟ್ಟಿಕೊಂಡು ಹೊಸ್ತಿಲಾಚೆಯೇ ನಿಂತಿವೆ. ಆ ವಯಸ್ಸಿನವರನ್ನು ಏನೆಂದು ಕರೆಯಬೇಕು? ಮಗು ಎಂದರೆ ಅವರಿಗೆ ಸಿಟ್ಟು, ದೊಡ್ಡವರು ಎಂದರೆ ನಮಗೆ ನಗು.

ಈ ತಾಪತ್ರಯ ಇಷ್ಟು ಉದ್ದಕ್ಕೆ ಹಿಗ್ಗಿದ್ದು ಹಳೆಯ ಕಾಲದಲ್ಲೇನಲ್ಲ. ಮುಂಬಯಿ ಕರ್ನಾಟಕದಲ್ಲಿ ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನೆಂದರೆ ಊರಿಗೆ ಓದಿದವನು, ಮಾಸ್ತರಿಕೆಗೆ ಅರ್ಹ. ಹಳೇ ಮೈಸೂರಿನಲ್ಲಿ ಎಲ್.ಎಸ್. ಅಂದರೆ ಲೋಯರ್ ಸೆಕೆಂಡರಿಗೆ ಅದೇ ಗತ್ತು. ಪರೀಕ್ಷೆ ಮುಗಿಸಿದ ಹುಡುಗನ ಕೈಗೆ ಅಂಗಡಿಯ ತಕ್ಕಡಿಯೋ ನೇಗಿಲ ಮೇಳಿಯೋ ಬರುತ್ತಿತ್ತು. ಮೀಸೆ ಮೂಡಿತೋ ಇಲ್ಲವೋ ಎಂದು ಕನ್ನಡಿ ಮುಂದೆ ನಿಲ್ಲಲು ಪುರುಸೊತ್ತೆಲ್ಲಿ? ಹುಡುಗಿಯರ ಕಥೆ ಇನ್ನೂ ಬಿರುಸು. 1929ರ ಶಾರದಾ ಕಾಯ್ದೆ ಮದುವೆಗೆ ಹೆಣ್ಣಿನ ಕನಿಷ್ಠ ವಯಸ್ಸನ್ನು ಹದಿನಾಲ್ಕು ಎಂದು ಇಟ್ಟಾಗ ಅದೇ ದೊಡ್ಡ ಸುಧಾರಣೆ, ಅದಕ್ಕೂ ಗಲಾಟೆ. ಹದಿನೆಂಟಕ್ಕೆ ಏರಿದ್ದು 1978ರಲ್ಲಿ. ಏಳನೇ ಕ್ಲಾಸಿನ ಮುಜುಗರಗಳನ್ನು ಪೂರ್ತಿಯಾಗಿ ಅನುಭವಿಸುವ ಸೌಭಾಗ್ಯ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಸಿಕ್ಕಿ ಬಹಳ ಕಾಲವೇನೂ ಆಗಿಲ್ಲ.

ಬಟ್ಟೆಯ ವಿಷಯಕ್ಕೆ ಬರೋಣ. ಸರ್ಕಾರಿ ಶಾಲೆಯ ಬಹುಕಾಲದ ರೂಢಿ: ಏಳರವರೆಗೆ ಚಡ್ಡಿ, ಎಂಟಕ್ಕೆ ಪ್ಯಾಂಟು. ಕಾಲಿನ ಕೂದಲು ಈ ನಿಯಮ ಓದಿಕೊಂಡಿಲ್ಲ, ಏಳರ ಮಧ್ಯದಲ್ಲೇ ಹುಟ್ಟಿಬಿಡುತ್ತದೆ. ಹುಡುಗರು ಬೆಂಚಿನ ಮೇಲೆ ಬ್ಯಾಗನ್ನು ತೊಡೆಗೆ ಹಾಸಿಕೊಂಡು ಕೂರುವುದು ಓದಿನ ಆಸಕ್ತಿಯಿಂದಲ್ಲ. ಹುಡುಗಿಯರ ಲಂಗದ್ದು ಬೇರೆ ಲೆಕ್ಕ. "ಬೆಳೆಯೋ ಹುಡುಗಿ" ಎಂದು ಅಮ್ಮ ಟೈಲರ್ ಹತ್ತಿರ ಮೂರು ಬೆರಳಗಲ ಬಟ್ಟೆ ಒಳಕ್ಕೆ ಮಡಿಸಿ ಹೊಲಿಸಿರುತ್ತಾಳೆ. ಪ್ರತಿ ಜೂನಿನಲ್ಲಿ ಒಂದು ಮಡಿಕೆ ಬಿಚ್ಚುವುದು. ಬಿಸಿಲು ಕಂಡು ಮಾಸಿದ ನೀಲಿಯ ಕೆಳಗೆ ಬಿಸಿಲೇ ಕಾಣದ ಕಡುನೀಲಿಯ ಪಟ್ಟಿ, ಅದರ ನಡುವೆ ಹಳೇ ಹೊಲಿಗೆಯ ತೂತುಗಳ ಸಾಲು. ಮರ ಕಡಿದರೆ ಉಂಗುರ ಎಣಿಸಿ ವಯಸ್ಸು ಹೇಳುತ್ತಾರಲ್ಲ, ಹಾಗೆ ಲಂಗದ ಅಂಚು ನೋಡಿ ಈ ಹುಡುಗಿ ಎಷ್ಟು ವರ್ಷದಿಂದ ಇದನ್ನೇ ಉಡುತ್ತಿದ್ದಾಳೆ ಎಂದು ಇಡೀ ಕ್ಲಾಸು ಹೇಳಬಲ್ಲದು. ಅವಳಿಗೂ ಅದು ಗೊತ್ತು. ಅದಕ್ಕೇ ಪ್ರಾರ್ಥನೆಯ ಸಾಲಿನಲ್ಲಿ ಕಾಲುಗಳನ್ನು ಒಂದರ ಹಿಂದೆ ಒಂದು ಇಟ್ಟು ನಿಲ್ಲುತ್ತಾಳೆ.

ಪ್ರಾರ್ಥನೆಯ ಸಾಲು ಎಂದರೆ ಎತ್ತರದ ಕ್ರಮ: ಗಿಡ್ಡರು ಮುಂದೆ, ಉದ್ದದವರು ಹಿಂದೆ. ಐದನೇ ಕ್ಲಾಸಿನವರೆಗೆ ಹೆಚ್ಚೂಕಮ್ಮಿ ಸಮವಾಗಿದ್ದ ಎರಡು ಸಾಲುಗಳಲ್ಲಿ ಆರು, ಏಳರಲ್ಲಿ ಹುಡುಗಿಯರ ಸಾಲು ಇದ್ದಕ್ಕಿದ್ದಂತೆ ಮೇಲೇಳುತ್ತದೆ. ಆ ವರ್ಷದ ಗ್ರೂಪ್ ಫೋಟೊ ತೆಗೆದು ನೋಡಿ: ಹಿಂದಿನ ಸಾಲಿನಲ್ಲಿ ಹುಡುಗಿಯರು ಭುಜ ಕುಗ್ಗಿಸಿ ನಿಂತಿದ್ದಾರೆ, ಮುಂದೆ ಹುಡುಗರು ಹಿಮ್ಮಡಿ ಎತ್ತಿದ್ದಾರೆ. ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬಹುಕಾಲ ಇದ್ದ ಒಂದು ಕೋಷ್ಟಕ ಈ ಫೋಟೊಕ್ಕೆ ಉತ್ತರ. ಹನ್ನೆರಡನೇ ವಯಸ್ಸಿಗೆ ಹುಡುಗಿ ತನ್ನ ಪೂರ್ಣ ಎತ್ತರದ ಸರಾಸರಿ ಶೇ. 91ನ್ನು ಮುಟ್ಟಿರುತ್ತಾಳೆ, ಹುಡುಗ ಶೇ. 84ನ್ನು ಮಾತ್ರ. ಈಗಿನ ಎತ್ತರವನ್ನು ಆ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಂದಿನ ಎತ್ತರ ಸಿಗುತ್ತದೆ. ಇವತ್ತು ಅಕ್ಕಪಕ್ಕ ನಿಂತ, ತಲಾ 140 ಸೆಂಟಿಮೀಟರಿನ ಇಬ್ಬರಲ್ಲಿ ಹುಡುಗಿ 154ಕ್ಕೆ ನಿಲ್ಲಬಹುದು, ಹುಡುಗ 167ರ ಹತ್ತಿರ ಹೋಗಬಹುದು. ಇಡೀ ವರ್ಷದಲ್ಲಿ ಮಕ್ಕಳು ಸ್ವಂತ ಇಚ್ಛೆಯಿಂದ ಶೇಕಡಾವಾರು ಲೆಕ್ಕ ಮಾಡುವುದು ಆ ಒಂದು ದಿನ. ಪಾಠದ ಉಳಿದ ಭಾಗಕ್ಕೆ ಬಂದಾಗ ಮೇಷ್ಟರು ಕೆಮ್ಮಿ, "ಇದು ಮುಖ್ಯ ಅಲ್ಲ, ಮನೇಲಿ ಓದ್ಕೊಳ್ಳಿ" ಎನ್ನುತ್ತಾರೆ. ಮೇಷ್ಟರು ಹೇಳಿದ ಮಾತನ್ನು ಇಡೀ ಕ್ಲಾಸು ಚಾಚೂ ತಪ್ಪದೆ ಪಾಲಿಸುವುದೂ ಅದೊಂದೇ ಸಲ.

ಗಂಟಲಿನ ಕಥೆ ಬಸ್ಸಿನಲ್ಲೇ ಸ್ವಲ್ಪ ಕೇಳಿದ್ದಾಯಿತು. ಧ್ವನಿಪೆಟ್ಟಿಗೆ ಹಿಗ್ಗಿ, ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ ಹುಡುಗನ ಶ್ರುತಿ ಸುಮಾರು ಒಂದು ಸ್ಥಾಯಿ ಕೆಳಕ್ಕೆ ಇಳಿಯುತ್ತದೆ. ಹುಡುಗಿಯ ಧ್ವನಿಯೂ ಇಳಿಯುತ್ತದೆ, ಆದರೆ ಯಾರ ಗಮನಕ್ಕೂ ಬಾರದಷ್ಟು ಸ್ವಲ್ಪ. ಕಷ್ಟ ಇರುವುದು ಇಳಿಯುವುದರಲ್ಲಲ್ಲ, ಇಳಿದು ಮುಗಿಯುವ ತನಕ ಯಾವ ಹೊತ್ತಿಗೆ ಯಾವ ಧ್ವನಿ ಬರುತ್ತದೆಂಬ ಭರವಸೆ ಇಲ್ಲದಿರುವುದರಲ್ಲಿ. ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಎರಡು ವರ್ಷ ಸತತ ಭಾವಗೀತೆ ಹಾಡಿ ಬಹುಮಾನ ತಂದ ಹುಡುಗ ಮೂರನೇ ವರ್ಷ ಚರಣಕ್ಕೆ ಏರುವಾಗ ನಡುದಾರಿಯಲ್ಲಿ ನಿಲ್ಲುತ್ತಾನೆ. ಮುಂದಿನ ಸಲ ಅವನ ಹೆಸರು ಕ್ಲೇ ಮಾಡೆಲಿಂಗ್ ಪಟ್ಟಿಯಲ್ಲಿ. ಹುಡುಗರೇ ಹೆಣ್ಣುಪಾತ್ರ ಹಾಕುತ್ತಿದ್ದ ಕಂಪನಿ ನಾಟಕಗಳ ಕಾಲದಲ್ಲಿ ಇದೇ ಸಂಗತಿ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಗಂಟಲು ಒಡೆದರೆ ದ್ರೌಪದಿಯ ಸೀರೆ ಬೇರೆ ಹುಡುಗನಿಗೆ.

ಇಷ್ಟು ಸಾಲದೆಂಬಂತೆ ಆರನೇ ಕ್ಲಾಸಿಗೆ ಹಿಂದಿ ಬರುತ್ತದೆ.

ಗಂಡು, ಹೆಣ್ಣು ಎಂಬ ವಿಷಯ ತಲೆಯೊಳಗೆ ಗೊಂದಲ ಎಬ್ಬಿಸುವ ಹೊತ್ತಿಗೆ ಸರಿಯಾಗಿ, ಬೆಂಚು ಕಿಟಕಿಗಳಿಗೂ ಲಿಂಗ ಹಚ್ಚುವ ಭಾಷೆಯನ್ನು ತಂದು ಮುಂದಿಟ್ಟವರ ಹಾಸ್ಯಪ್ರಜ್ಞೆ ದೊಡ್ಡದು. ಕನ್ನಡದಲ್ಲಿ ಕುರ್ಚಿ ಮುರಿಯಿತು, ಬಾಗಿಲು ಮುಚ್ಚಿತು, ಜಗಳ ಮುಗಿಯಿತು. ಹಿಂದಿಯಲ್ಲಿ ಕಿಟಕಿ ಹೆಣ್ಣು, ಬಾಗಿಲು ಗಂಡು, ಪುಸ್ತಕ ಹೆಣ್ಣು, ಕಾಗದ ಗಂಡು. ಮೀಸೆ, ಕೇಳಿ, ಮೀಸೆಯೂ ಹೆಣ್ಣು! ತಾನೇನೋ ಸಾಧಿಸಿದೆನೆಂದು ಮೂಗಿನ ಕೆಳಗೆ ಬೆರಳಾಡಿಸುತ್ತಿದ್ದ ಹುಡುಗನಿಗೆ ಇದಕ್ಕಿಂತ ಅವಮಾನ ಬೇಕೆ? ಕನ್ನಡದ 'ಹೋಗುತ್ತೇನೆ' ಯಾರ ಬಾಯಲ್ಲೂ ಒಂದೇ. ಹಿಂದಿಯಲ್ಲಿ ಹುಡುಗ 'ಜಾತಾ ಹೂಂ' ಅನ್ನಬೇಕು, ಹುಡುಗಿ 'ಜಾತೀ ಹೂಂ'. ಹುಡುಗನೊಬ್ಬ ಎದ್ದು ನಿಂತು 'ಜಾತೀ' ಅಂದುಬಿಟ್ಟರೆ ಆ ಹೆಸರು ಹತ್ತನೇ ಕ್ಲಾಸಿನವರೆಗೆ ಅವನಿಗೆ ಅಂಟಿಕೊಂಡಿತೆಂದೇ ಲೆಕ್ಕ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಡೆಯುವ ಇನ್ನೊಂದು ಪಾಠದ ಹೆಸರು ಫ್ಲೇಮ್ಸ್. ಇಬ್ಬರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎರಡರಲ್ಲೂ ಇರುವ ಅಕ್ಷರ ಹೊಡೆದುಹಾಕಿ, ಉಳಿದದ್ದನ್ನು ಎಣಿಸಿ ಗೆಳೆತನವೋ ಪ್ರೀತಿಯೋ ಮದುವೆಯೋ ದ್ವೇಷವೋ ಎಂದು ತೀರ್ಮಾನಿಸುವ ಶಾಸ್ತ್ರ. ಬೇಡದ ಫಲ ಬಂದರೆ ಹೆಸರಿಗೊಂದು ಇನಿಷಿಯಲ್ ಸೇರಿಸಿದರಾಯಿತು. ಇಂಗ್ಲಿಷ್ ಸ್ಪೆಲಿಂಗನ್ನು ಮಕ್ಕಳು ಇಷ್ಟು ಶ್ರದ್ಧೆಯಿಂದ ಇನ್ನೆಲ್ಲೂ ತಿದ್ದುವುದಿಲ್ಲ. ಇನ್ನು ನೂಲು ಹುಣ್ಣಿಮೆಯ ದಿನ ಹಾಜರಿ ನೋಡಬೇಕು. ಹುಡುಗರ ಬೆಂಚು ಅರ್ಧ ಖಾಲಿ. ಬಂದವರ ಕೈ ಜೇಬಿನಲ್ಲಿ. ಇಡೀ ವರ್ಷ ಒಂದು ಮಾತೂ ಆಡದ ಹುಡುಗಿ ಅಂದು ನಗುತ್ತಾ ರಾಖಿ ಹಿಡಿದು ಎದುರು ಬಂದರೆ ಮದುವೆಯವರೆಗಿನ ಯೋಜನೆಯೆಲ್ಲ ಆ ಒಂದು ಎಳೆ ದಾರದಲ್ಲಿ ಮುಗಿಯಿತು.

ಅದೇ ಹುಡುಗಿ ಒಂದು ದಿನ ಶಾಲೆಗೆ ಬರುವುದಿಲ್ಲ. ಮರುದಿನವೂ ಇಲ್ಲ. ರಜಾ ಚೀಟಿಯಲ್ಲಿ 'ಹೊಟ್ಟೆನೋವು' ಎಂದಿರುತ್ತದೆ. ಕ್ಲಾಸಿಗೆಲ್ಲ ಸುದ್ದಿ ಮುಟ್ಟಿರುತ್ತದೆ. ಮನೆಯಲ್ಲಿ ಅವಳನ್ನು ಹಸೆಯ ಮೇಲೆ ಕೂರಿಸಿ, ಮಡಿಲು ತುಂಬಿ, ಎಳ್ಳು ಬೆಲ್ಲ ಕುಟ್ಟಿದ ಚಿಗುಳಿ, ಕೊಬ್ಬರಿ ತಿನ್ನಿಸಿ, ಮುತ್ತೈದೆಯರು ಆರತಿ ಎತ್ತುತ್ತಾರೆ. ಕೆಲವು ಕಡೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಹೊಸ ಸೀರೆಯಲ್ಲಿ, ಫೋಟೊದವನ ದೀಪದ ಎದುರು ಅವಳು ನಗಬೇಕೋ ಅಳಬೇಕೋ ತಿಳಿಯದೆ ಕೂತಿರುತ್ತಾಳೆ. ಯಾರಿಗೂ ಹೇಳಬಾರದು ಎಂದು ಅಜ್ಜಿ ಕಿವಿಯಲ್ಲಿ ಹೇಳಿದ ಸಂಗತಿಯನ್ನು ಊರಿಗೆಲ್ಲ ಊಟ ಹಾಕಿಸಿ ಸಾರುವ ಈ ತರ್ಕ ಯಾವ ಹುಡುಗಿಗೂ ಆ ವಯಸ್ಸಿನಲ್ಲಿ ಅರ್ಥವಾಗಿಲ್ಲ. ಆಮೇಲೂ ಆಗಿಲ್ಲ ಅನ್ನುವವರೇ ಹೆಚ್ಚು. ವಾಪಸು ಬಂದಾಗ ಅವಳು ಕುಂಟೆಬಿಲ್ಲೆಯ ಮನೆಗಳ ಪಕ್ಕ ನಿಂತು ನೋಡುತ್ತಾಳೆ, ಆಡುವುದಿಲ್ಲ. 2013-14ರಲ್ಲಿ ರಾಜ್ಯ ಸರ್ಕಾರ ಶುಚಿ ಯೋಜನೆ ತಂದು ಶಾಲೆಗಳಿಗೆ ಪ್ಯಾಡು ಕಳಿಸಿತು. ಕೋವಿಡ್ ಕಾಲದಲ್ಲಿ ನಿಂತು, ಮತ್ತೆ ಶುರುವಾಯಿತು. ಪ್ಯಾಡಿನ ಕಟ್ಟು ಬಂದರೂ ಶೌಚಾಲಯದಲ್ಲಿ ನೀರಿರಬೇಕು, ಚಿಲಕವಿರಬೇಕು, ಹುಡುಗರ ಎದುರೇ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳದ ಟೀಚರ್ ಇರಬೇಕು. ಅಂಥ ಟೀಚರ್ ಒಬ್ಬರಿದ್ದ ಶಾಲೆಯ ಹುಡುಗಿಯರು ಮೂವತ್ತು ವರ್ಷವಾದರೂ ಅವರ ಹೆಸರು ಮರೆಯುವುದಿಲ್ಲ.

ಮೊಡವೆ, ಮೀಸೆ, ಲಂಗದ ಅಂಚು, ಎಲ್ಲವನ್ನೂ ಇಡೀ ಜಗತ್ತೇ ನೋಡುತ್ತಿದೆ ಎಂಬ ಭಾವನೆಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲೇ 'ಕಲ್ಪಿತ ಪ್ರೇಕ್ಷಕರು' ಎಂದು ಹೆಸರಿಟ್ಟ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಇದನ್ನು ಅಳೆದೂ ನೋಡಿದರು. ಕಾಲೇಜು ಹುಡುಗರಿಗೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಚಿತ್ರವಿದ್ದ, ಅವರ ಕಣ್ಣಿಗೆ ನಾಚಿಕೆಗೇಡೆನಿಸುವ ಟೀ ಶರ್ಟು ತೊಡಿಸಿ ತುಂಬಿದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನೋಡಿರುತ್ತಾರೆ ಎಂದು ತೊಟ್ಟವರ ಅಂದಾಜು. ಗುರುತಿಸಿದ್ದು ಕಾಲುಭಾಗ. 2000ದಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಏಳನೇ ಕ್ಲಾಸಿನ ಹುಡುಗನಿಗೆ ಹೇಳಿ ಸಮಾಧಾನ ಮಾಡಲು ಹೋಗಬೇಡಿ. ಆ ಕಾಲುಭಾಗದಲ್ಲಿ ಯಾರ್ಯಾರಿದ್ದರು ಎಂದೇ ಅವನು ಕೇಳುವುದು.

ಹಳ್ಳಿಯ ಶಾಲೆ ಸಾಮಾನ್ಯವಾಗಿ ಏಳಕ್ಕೆ ಮುಗಿಯುತ್ತದೆ. ನಾಯಕ, ಬಾವುಟ ಏರಿಸುವವ, ಬಿಸಿಯೂಟಕ್ಕೆ ಗಂಟೆ ಹೊಡೆಯುವವ ಎಂದೆಲ್ಲ ಮೆರೆದವನು ಎಂಟಕ್ಕೆ ಹೋಬಳಿಯ ಹೈಸ್ಕೂಲಿಗೆ ಹೋದರೆ ಮತ್ತೆ ಎಲ್ಲರಿಗಿಂತ ಚಿಕ್ಕವನು. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಟ್ಟಿತು. ಸೀಟಿಗೆ ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ತುಳಿದರು, ಹುಡುಗಿಯರು ಮುಂದಿನ ಬುಟ್ಟಿಯಲ್ಲಿ ಬ್ಯಾಗಿಟ್ಟು ಸಾಲಾಗಿ ಊರು ದಾಟಿದರು. ಹೈಸ್ಕೂಲಿನ ಮೇಷ್ಟರು ಬಹುವಚನ ಬಳಸುವುದು ಬಯ್ಯುವಾಗ ಮಾತ್ರ: "ಏನ್ರೀ ಸಾಹೇಬ್ರೇ, ಹೋಮ್‌ವರ್ಕ್ ತಂದಿದೀರಾ?"

ಸೈಕಲ್ ಇಲ್ಲದ ಹುಡುಗರು ಬಸ್ ಪಾಸು ಮಾಡಿಸುತ್ತಾರೆ. ತಿಪಟೂರಿನ ಬಸ್ಸಿನ ಆ ಹುಡುಗನೂ ಎಂಟಕ್ಕೆ ಬಂದ ಜೂನಿನಲ್ಲಿ ಸ್ಟುಡಿಯೋಕ್ಕೆ ಹೋಗಿ, ತಲೆಗೆ ನೀರು ಹಚ್ಚಿ ಬಾಚಿ ಫೋಟೊ ತೆಗೆಸಿದ. ಫೆಬ್ರುವರಿಯ ಒಂದು ಬೆಳಿಗ್ಗೆ, ಕಾಲಿಡಲೂ ಜಾಗವಿಲ್ಲದ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಪಾಸು ಇಸಕೊಂಡು ಫೋಟೊ ನೋಡಿದ, ಮುಖ ನೋಡಿದ.

"ಯಾರ್ದಿದು? ತಮ್ಮನ ಪಾಸು ತಂದ್ಯಾ?"

"ನಂದೇ ಸಾರ್."

ಈ ಸಲ ಎಲ್ಲ ಅಕ್ಷರಗಳೂ ಒಂದೇ ಸ್ಥಾಯಿಯಲ್ಲಿ ಬಂದವು. ಕಂಡಕ್ಟರ್ ಪಾಸು ವಾಪಸು ಕೊಟ್ಟು, "ಒಳಗೆ ಹೋಗಿ, ಒಳಗೆ ಹೋಗಿ" ಎಂದ. ಆ ಬಹುವಚನ ತನಗೇ ಹೇಳಿದ್ದೋ, ಹಿಂದೆ ನೂಕುತ್ತಿದ್ದ ಜನಕ್ಕೆಲ್ಲ ಹೇಳಿದ್ದೋ ತಿಳಿಯದೆ ಹುಡುಗ ಒಂದು ಕ್ಷಣ ಬಾಗಿಲಲ್ಲೇ ನಿಂತ.