ಅಟ್ಟದಲ್ಲಿ ಜಾಗವಿಲ್ಲವೇ?

ನೊಣವಿನಕೆರೆಯ ಸುತ್ತಮುತ್ತ ತೆಂಗೇ ನಮ್ಮೆಲ್ಲರ ಅನ್ನ. ಆ ಅನ್ನ ಕೈಗೆ ಬರುವುದು ಅಟ್ಟದ ಮೂಲಕ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಕಾದರೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಅಲ್ಲಾಡಿಸಿದಾಗ ಒಳಗೆ ಸದ್ದು ಕೇಳಿದ ಮೇಲೆಯೇ ತಿಪಟೂರಿನ ಮಾರುಕಟ್ಟೆಯ ಮಾತು. ಆದುದರಿಂದ ಅಟ್ಟದಲ್ಲಿ ಜಾಗವಿಲ್ಲವೆಂದರೆ ನಮ್ಮಂಥವರಿಗೆ ಅದು ಸಣ್ಣ ಚಿಂತೆಯಲ್ಲ.

ಕಳೆದ ವರ್ಷ ನಮಗೆ ಆ ಚಿಂತೆ ಬಂದಿತು. ಮನೆಯ ಹಿಂದೆ ಇನ್ನೊಂದು ಅಟ್ಟದ ಮನೆ ಕಟ್ಟಿಸುವುದೆಂದು ನಿಶ್ಚಯಿಸಿದೆವು. ಅದಕ್ಕೆ ಸಾಲ ಎತ್ತಬೇಕಿತ್ತು. ತಂದೆಯವರು ನೆಟ್ಟು ನೀರೆರೆದು ಬೆಳೆಸಿದ, ಇಂದಿಗೂ ಫಲ ಕೊಡುತ್ತಿರುವ ನಾಲ್ಕು ಮರಗಳನ್ನು ಕಡಿಸಬೇಕಿತ್ತು. ಅಮ್ಮ ಬಾಯಿಬಿಟ್ಟು ಬೇಡವೆನ್ನಲಿಲ್ಲ. ಆದರೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ವಾರ ಬೆಂಗಳೂರಿನಿಂದ ಮಗ ಬಂದನು. ಅವನ ಕೆಲಸ ಒಂದು ಡೇಟಾ ಸೆಂಟರಿನಲ್ಲಿ. ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಲೆಕ್ಕಪತ್ರವನ್ನೆಲ್ಲ ಹೊತ್ತ ಸರ್ವರ್ ಎಂಬ ಗಣಕಯಂತ್ರಗಳನ್ನು ಕಬ್ಬಿಣದ ರ‍್ಯಾಕುಗಳಲ್ಲಿ ಜೋಡಿಸಿಟ್ಟು ಹಗಲಿರುಳೂ ನಡೆಸುವ ಜಾಗವದು. ನಮ್ಮ ಮಾತನ್ನೆಲ್ಲ ಕೇಳಿ, "ಅಪ್ಪಾಜಿ, ನಮ್ಮಲ್ಲೂ ಇದೇ ಪ್ರಶ್ನೆ ಬಂದಿತ್ತು. ಹೊಸ ಕಟ್ಟಡ ಬೇಕೆಂದು ಎಲ್ಲರೂ ಹೇಳುತ್ತಿದ್ದರು. ಮೊದಲು ಇರುವ ರ‍್ಯಾಕುಗಳ ಲೆಕ್ಕ ಹಾಕಿ ಎಂದರು ದೊಡ್ಡವರೊಬ್ಬರು" ಎಂದನು.

ಆ ರಾತ್ರಿ ಜಗಲಿಯ ಮೇಲೆ ಕುಳಿತು ಅವನು ವಿವರಿಸಿದ್ದನ್ನು ನಮಗೆ ತಿಳಿದಷ್ಟು ಇಲ್ಲಿ ಹೇಳುತ್ತೇವೆ. ರ‍್ಯಾಕಿನಲ್ಲಿ ಯಂತ್ರ ಕೂರುವ ಅಗಲ 19 ಅಂಗುಲ. ಎತ್ತರವನ್ನು ಒಂದೂಮುಕ್ಕಾಲು ಅಂಗುಲದ ಮನೆಗಳಾಗಿ ಎಣಿಸುತ್ತಾರೆ. ಸಾಮಾನ್ಯವಾಗಿ ಅಂತಹ 42 ಮನೆಗಳು. ಅರ್ಧ ಮನೆಗಳು ಬರಿದಾಗಿದ್ದರೂ "ರ‍್ಯಾಕು ತುಂಬಿತು" ಎನ್ನುವುದುಂಟಂತೆ. ಏಕೆಂದರೆ ಜಾಗಕ್ಕಿಂತ ಮೊದಲು ಮುಗಿಯುವುದು ವಿದ್ಯುತ್ತು ಮತ್ತು ತಂಪು.

ಇದಕ್ಕೆ ಅವನೊಂದು ಲೆಕ್ಕ ಕೊಟ್ಟನು. ಒಂದು ರ‍್ಯಾಕಿಗೆ 5 ಕಿಲೋವಾಟ್ ವಿದ್ಯುತ್ತು ಗೊತ್ತಾಗಿದೆ ಎನ್ನೋಣ. ಯಂತ್ರದ ಮೇಲಿನ ಚೀಟಿಯಲ್ಲಿ 750 ವಾಟ್ ಎಂದಿದ್ದರೆ, ಚೀಟಿಯನ್ನು ನಂಬಿದವರು ಆರು ಯಂತ್ರಗಳನ್ನಿಟ್ಟು ನಿಲ್ಲಿಸುತ್ತಾರೆ. ಕೆಲಸದ ಭರಾಟೆಯ ಹೊತ್ತಿನಲ್ಲೇ ಮೀಟರಿನಲ್ಲಿ ಅಳೆದು ನೋಡಿದರೆ ಅದು ತೆಗೆದುಕೊಳ್ಳುವುದು 400 ವಾಟ್ ಮಾತ್ರ ಎಂದಿಟ್ಟುಕೊಳ್ಳಿ. ಆಗ ಸ್ವಲ್ಪ ಮಿಗಿಸಿಕೊಂಡೇ ಹತ್ತು ಯಂತ್ರಗಳನ್ನಿಡಬಹುದು. ಆದರೆ ಎರಡು ದಾರಿಯಿಂದ ಬರುವ ವಿದ್ಯುತ್ತಿನಲ್ಲಿ ಒಂದು ನಿಂತರೂ ಇನ್ನೊಂದು ಪೂರ್ತಿ ಭಾರ ಹೊರುವಂತಿರಬೇಕು. ಆ ಎಚ್ಚರ ತಪ್ಪಬಾರದು.

ಎರಡನೆಯದು ಗಾಳಿ. ಯಂತ್ರದ ಮುಂದಿನಿಂದ ತಂಪು ಗಾಳಿ ಹೊಕ್ಕು ಹಿಂದಿನಿಂದ ಬಿಸಿಯಾಗಿ ಹೊರಬೀಳುತ್ತದೆ. ನಡುವೆ ಖಾಲಿ ಮನೆಗಳನ್ನು ತೆರೆದೇ ಬಿಟ್ಟರೆ ಆ ಬಿಸಿ ಗಾಳಿ ಮತ್ತೆ ಮುಂದಕ್ಕೆ ನುಸುಳುತ್ತದೆ. ಅಗ್ಗದ ತಗಡಿನ ಮುಚ್ಚಳ ಹಾಕಿದರೆ ತಂಪು ಉಳಿಯುತ್ತದೆ, ಇನ್ನಷ್ಟು ಯಂತ್ರಗಳಿಗೆ ದಾರಿಯಾಗುತ್ತದೆ. ನಮ್ಮ ಅಟ್ಟದಲ್ಲಿ ದಬ್ಬೆಗಳ ನಡುವೆ ಸಂದು ಬಿಟ್ಟರೆ ಕಾಯಿ ಒಣಗುತ್ತದೆ. ಅಲ್ಲಿ ಸಂದು ಮುಚ್ಚಿದರೆ ಯಂತ್ರ ಬಾಳುತ್ತದೆ. ಎರಡು ಕಡೆಯೂ ಗಾಳಿಯ ದಾರಿ ತಿಳಿದವನೇ ಯಜಮಾನ.

ಮೂರನೆಯದು ಸತ್ತ ಯಂತ್ರಗಳು. ಅಮೆರಿಕದ ಜೊನಾಥನ್ ಕೂಮಿ ಮತ್ತು ಜಾನ್ ಟೇಲರ್ ಎಂಬವರು 2015ರಲ್ಲಿ ಸುಮಾರು 4,000 ಸರ್ವರುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಶೇಕಡ 30ರಷ್ಟು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಯಾವ ಉಪಯೋಗಕ್ಕೂ ಬಾರದೆ ವಿದ್ಯುತ್ತನ್ನಷ್ಟೇ ತಿನ್ನುತ್ತಿದ್ದವು. ಇನ್ನು ಕೆಲಸ ಮಾಡುವ ಯಂತ್ರಗಳಲ್ಲೂ ಹಲವು ತಮ್ಮ ಶಕ್ತಿಯ ಸ್ವಲ್ಪ ಭಾಗವನ್ನೇ ಬಳಸುವುವು. ಅಂತಹ ಐದಾರರ ಕೆಲಸವನ್ನು ಒಂದೇ ಯಂತ್ರಕ್ಕೆ ಒಪ್ಪಿಸುವ ವಿಧಾನವೂ ಉಂಟು. ಕೂಡು ಕುಟುಂಬದಲ್ಲಿ ಒಂದೇ ಒಲೆಯ ಮೇಲೆ ಎಲ್ಲರ ಅಡುಗೆ ಆಗುತ್ತಿರಲಿಲ್ಲವೇ?

"ಹಾಗಾದರೆ ಕಿತ್ತೆಸೆದರಾಯಿತಲ್ಲ?" ಎಂದೆವು. ಮಗ ತಲೆಯಾಡಿಸಿದನು. "ಒಮ್ಮೆ ಹಾಗೆ ಅವಸರ ಮಾಡಿದವನು ನಾನೇ. ಯಾರೂ ನಮ್ಮದೆನ್ನದ ಯಂತ್ರವೊಂದನ್ನು ಆರಿಸಿಬಿಟ್ಟೆ. ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಪಿಂಚಣಿಯ ಪಟ್ಟಿ ಅದರಲ್ಲಿತ್ತು. ಅಂದಿನಿಂದ ಮೊದಲು ಎಲ್ಲರನ್ನೂ ವಿಚಾರಿಸುತ್ತೇವೆ. ಆಮೇಲೆ ಅದರೊಳಗಿರುವುದರ ಪ್ರತಿ ತೆಗೆದಿಟ್ಟು, ಯಂತ್ರವನ್ನು ಆರಿಸಿ, ತಿಂಗಳುಗಟ್ಟಲೆ ಅಲ್ಲೇ ಬಿಡುತ್ತೇವೆ. ಯಾರೂ ಕೇಳದಿದ್ದರೆ ಮಾತ್ರ ಹೊರಕ್ಕೆ."

ಮರುದಿನ ಬೆಳಿಗ್ಗೆ ತಂದೆಮಕ್ಕಳಿಬ್ಬರೂ ಅಟ್ಟ ಹತ್ತಿದೆವು. ಪೂರ್ವದ ಮೂಲೆಯಲ್ಲಿ ಮುರಿದ ನೇಗಿಲು, ತೂತಾದ ಹಂಡೆ, ಯಾವ ಕಾಲದ್ದೋ ಕೊಳೆತ ಕಾಯಿಗಳ ರಾಶಿ. ಯಾರದೆಂದರೆ ಯಾರೂ ತಮ್ಮದೆನ್ನರು. ಅವುಗಳಡಿಯಲ್ಲಿ ತುಕ್ಕು ಹಿಡಿದ ಟ್ರಂಕೊಂದಿತ್ತು. ಗುಜರಿಗೆ ಹಾಕುವುದೆಂದು ಎತ್ತಿದೆವು. "ಅಮ್ಮನನ್ನು ಒಂದು ಮಾತು ಕೇಳಿ" ಎಂದನು ಮಗ. ಅಮ್ಮ ಬಂದು ತೆಗೆಸಿ ನೋಡಿದರೆ ಒಳಗೆ ಅಜ್ಜನವರ ಕಾಲದ ವಿಭಾಗಪತ್ರ! ದೊಡ್ಡಪ್ಪನವರ ಮಕ್ಕಳಿಗೂ ನಮಗೂ ಬದುವಿನ ವಿಷಯದಲ್ಲಿ ಬಹಳ ವರ್ಷಗಳಿಂದ ಇದ್ದ ಮನಸ್ತಾಪಕ್ಕೆ ಅದರಲ್ಲಿ ಸ್ಪಷ್ಟ ಉತ್ತರವಿತ್ತು. ತಪ್ಪು ನಮ್ಮ ಕಡೆಯದು. ಸಂಜೆಯೇ ಹೋಗಿ ಒಪ್ಪಿಕೊಂಡು ಬಂದೆವು.

2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಇಂದು ನಮ್ಮ ಜಮೀನಿನ ಪಹಣಿಯೂ ಇಂಥದೊಂದು ರ‍್ಯಾಕಿನ ಆಶ್ರಯದಲ್ಲಿದೆ. ಆದುದರಿಂದ ಆ ಕೋಣೆಗಳನ್ನು ಅಚ್ಚುಕಟ್ಟಾಗಿ ಇಡುವ ಮಾತು ಬೆಂಗಳೂರಿನ ಇಂಜಿನಿಯರುಗಳದ್ದು ಮಾತ್ರವಲ್ಲ. ಅಲ್ಲಿ ಪೋಲಾಗುವ ವಿದ್ಯುತ್ತು ನಮ್ಮ ಪಂಪ್‌ಸೆಟ್ಟಿಗೂ ಬೇಕಾದದ್ದೇ.

ಅಟ್ಟದ ಕೊಳೆತದ್ದನ್ನು ಇಳಿಸಿ, ಸವೆದ ದಬ್ಬೆಗಳನ್ನು ಬದಲಿಸಿ, ತೊಲೆಗಳ ಬಲವನ್ನು ಬಡಗಿಗೆ ತೋರಿಸಿಕೊಂಡೆವು. ಈ ಸಲದ ಕಾಯೆಲ್ಲ ಅಲ್ಲೇ ಹಿಡಿಸಿತು. ಮುಂದೊಂದು ದಿನ ಹೊಸ ಅಟ್ಟ ಬೇಕಾಗಬಹುದು. ಬೇಡವೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಜಾಗವಿಲ್ಲವೆನ್ನುವ ಮೊದಲು ಇರುವ ಜಾಗದಲ್ಲಿ ಏನಿದೆ, ಅದು ಯಾರದು ಎಂದು ಒಮ್ಮೆ ಹತ್ತಿ ನೋಡುವುದು ಒಳ್ಳೆಯದೆಂದು ಓದುಗ ಬಂಧುಗಳಲ್ಲಿ ನಮ್ಮ ಅರಿಕೆ. ನಾಲ್ಕು ಮರಗಳೂ ನಿಂತಿವೆ. ಅಮ್ಮ ದಿನವೂ ಬೆಳಿಗ್ಗೆ ಅವುಗಳ ಬುಡದ ಸುತ್ತ ಒಂದು ಸುತ್ತು ಹಾಕಿ ಬರುತ್ತಾರೆ.