ಅಕ್ಕನ ಸೈಕಲ್ಲಿಗೆ ಹತ್ತಿದ ತುಕ್ಕು



ಈ ಸಲದ ಗೋಡೆ ಪತ್ರಿಕೆಗೆ ಕೆಲವರು ಜಾತ್ರೆಯ ಬಗ್ಗೆ, ಕೆಲವರು ಹಂಪಿ ಪ್ರವಾಸದ ಬಗ್ಗೆ ಬರೆದಿದ್ದಾರೆ. ನಾನು ತುಕ್ಕಿನ ಬಗ್ಗೆ ಬರೆಯುತ್ತೇನೆ. ನಗಬ್ಯಾಡ್ರಿ.

ನಮ್ಮ ಅಕ್ಕ 8ನೇ ತರಗತಿಗೆ ಹೋದಾಗ, ಅಂದರೆ 2018ರಲ್ಲಿ, ಆಕೆಗೆ ಸರ್ಕಾರದ ಸೈಕಲ್ ಸಿಕ್ಕಿತ್ತು. ನಮ್ಮ ರಾಜ್ಯದಲ್ಲಿ ಈ ಸೈಕಲ್ ಯೋಜನೆ 2006-07ರಲ್ಲಿ ಶುರುವಾಗಿತ್ತಂತೆ. ಹತ್ತನೇತ್ತ ಮುಗಿಯುವ ತನಕ ಅಕ್ಕ ಅದರ ಮೇಲೆಯೇ ಹೈಸ್ಕೂಲಿಗೆ ಹೋಗಿ ಬಂದಳು. ಆಮೇಲೆ ಅಕ್ಕ ಕೊಪ್ಪಳದ ಹಾಸ್ಟೆಲ್ ಸೇರಿದಳು, ಸೈಕಲ್ ದನದ ಕೊಟ್ಟಿಗೆ ಸೇರಿತು. ಅಲ್ಲಿ ಎಮ್ಮೆಯ ಪಕ್ಕದಲ್ಲಿ, ಗೊಬ್ಬರದ ಚೀಲಕ್ಕೆ ಆನಿಸಿಕೊಂಡು ನಾಲ್ಕು ವರ್ಷ ನಿಂತಿತ್ತು.

ನಮ್ಮ ಊರಿನ ಶಾಲೆ 7ನೇ ತರಗತಿಗೆ ಮುಗಿಯುತ್ತದೆ ಎಂದು ನಿಮಗೆಲ್ಲ ಗೊತ್ತು. ಹೈಸ್ಕೂಲು 5 ಕಿಲೋಮೀಟರ್ ದೂರ. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದುವುದಿಲ್ಲ. ಒಂದು ರಾತ್ರಿ ಉಣ್ಣುವಾಗ ಅಜ್ಜಿ, "ಹೆಣ್ಣುಹುಡುಗಿ ಒಬ್ಬಾಕಿ ಹೊಲ ದಾಟಿ ಅಷ್ಟು ದೂರ ನಡಕೊಂತ ಹೋಗೂದು ಬ್ಯಾಡ. ಏಳನೇತ್ತ ಆತಲ್ಲ, ಸಾಕು" ಅಂದಳು. ಅಪ್ಪ ಏನೂ ಅನ್ನಲಿಲ್ಲ. ಅಪ್ಪ ಬೈದರೆ ನನಗೆ ಅಷ್ಟು ಹೆದರಿಕೆ ಆಗುವುದಿಲ್ಲ, ಸುಮ್ಮನಿದ್ದರೆ ಆಗುತ್ತದೆ. ಅದೇ ವಾರ ಗುಜರಿಯವನು ಬಂದು ಸೈಕಲ್ ನೋಡಿ 300 ರೂಪಾಯಿ ಕೊಡುತ್ತೇನೆ ಅಂದ. "ಮುಂದಿನ ಸಲ ಬಾ, ನೋಡೂಣು" ಅಂತ ಅಪ್ಪ ಕಳಿಸಿದ. ಅವನು ನಮ್ಮ ಊರಿಗೆ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ನನಗೆ ಇದ್ದದ್ದು ಅಷ್ಟೇ ದಿನ.

ಮರುದಿನ ಸೈಕಲ್ಲನ್ನು ದೂಡಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿ ಚಾಚಾನ ಕಡೆ ಹೋದೆ. ಹ್ಯಾಂಡಲ್, ರಿಮ್, ಕ್ಯಾರಿಯರ್, ಗಂಟೆ, ಪೆಡಲಿನ ಕ್ರ್ಯಾಂಕು, ಹೀಗೆ ಹೊಳೆಯಬೇಕಾದ ಎಲ್ಲದರ ಮೇಲೂ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳಿದ್ದವು.

"ಚಾಚಾ, ಇದು ಸುದ್ದ ಆಕ್ಕೈತೇನ್ರಿ?" ಅಂದೆ.

ಚಾಚಾ ಉಗುರಿನಿಂದ ಹ್ಯಾಂಡಲ್ ಕೆರೆದು ನೋಡಿದರು. "ಮ್ಯಾಲ ಕುಂತ ತುಕ್ಕು ಬ್ಯಾರೆ, ಒಳಗ ತಿಂದ ತುಕ್ಕು ಬ್ಯಾರೆ ತಂಗಿ. ಇದು ಬಾಳ ಕಡೆ ಮ್ಯಾಲ ಕುಂತೈತಿ. ಟ್ಯೂಬ್ ನಾ ಹಾಕ್ತೀನಿ, ತಿಕ್ಕೂ ಕೆಲಸ ನೀನ ಮಾಡು" ಅಂದರು. ಟ್ಯೂಬಿನ ದುಡ್ಡು ಅಕ್ಕ ಕಳಿಸಿದಳು.

ಚಾಚಾ ಹೇಳಿದ್ದು ನಮ್ಮ ವಿಜ್ಞಾನ ಪಾಠಕ್ಕೆ ಸರಿಯಾಗಿ ಕೂಡುತ್ತದೆ. ಕಬ್ಬಿಣ, ಗಾಳಿಯ ಆಕ್ಸಿಜನ್, ನೀರು, ಈ ಮೂರು ಕೂಡಿದರೆ ತುಕ್ಕು. ಸಂಡೂರಿನ ಗುಡ್ಡದ ಕೆಂಪು ಅದಿರೂ ಕಬ್ಬಿಣ ಮತ್ತು ಆಕ್ಸಿಜನ್ ಕೂಡಿದ್ದೇ. ನಮ್ಮ ಜಿಲ್ಲೆಯ ಗಿಣಿಗೇರಾ, ಬೇವಿನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಇಂಥ ಅದಿರಿನಿಂದ ಆಕ್ಸಿಜನ್ ಬಿಡಿಸಿ ಕಬ್ಬಿಣ ತೆಗೆಯುತ್ತಾರೆ. ಅಂದರೆ ತುಕ್ಕು ಹಿಡಿಯುವುದು ಎಂದರೆ ಕಬ್ಬಿಣ ತಿರುಗಿ ಮಣ್ಣಾಗಲು ಹೊರಟ ಹಾಗೆ. ನಮ್ಮ ಕೊಟ್ಟಿಗೆಯಲ್ಲಿ ಅದಕ್ಕೆ ದಾರಿ ಬಹಳ ಸಲೀಸಾಗಿತ್ತು. ಎಮ್ಮೆಯ ಗಂಜಲದ ಹಸಿ, ಜೊತೆಗೆ ಪೊಟ್ಯಾಶ್ ಗೊಬ್ಬರ. ಪೊಟ್ಯಾಶ್ ಅನ್ನುವುದೂ ಒಂದು ಜಾತಿಯ ಉಪ್ಪೇ, ಉಪ್ಪು ಸೋಕಿದಲ್ಲಿ ತುಕ್ಕು ಬೇಗ ಹತ್ತುತ್ತದೆ.

ಹಾಗಾದರೆ ಹೊಳೆಯುವ ಭಾಗಕ್ಕೆ ಏಕೆ ತುಕ್ಕು ಬಂತು? ಆ ಹೊಳಪನ್ನು ನಾವೆಲ್ಲ ನಿಕಲ್ ಅನ್ನುತ್ತೇವೆ. ಆದರೆ ಎಲ್ಲಕ್ಕಿಂತ ಮೇಲಿರುವುದು ಕ್ರೋಮಿಯಂ, ಅದರ ಕೆಳಗೆ ನಿಕಲ್, ಅದಕ್ಕೂ ಕೆಳಗೆ ಕಬ್ಬಿಣ. ಕ್ರೋಮಿಯಂಗೆ ಈ ಕೆಂಪು ತುಕ್ಕು ಹತ್ತುವುದೇ ಇಲ್ಲ. ಆದರೆ ಆ ಪದರ ನಮ್ಮ ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ತೆಳು! ಅದರಲ್ಲಿ ಕಣ್ಣಿಗೆ ಕಾಣದ ಬಿರುಕು, ತೂತು ಇರುತ್ತವೆ. ಅಲ್ಲಿಂದ ನೀರು ಇಳಿದು ಕೆಳಗಿನ ಕಬ್ಬಿಣ ಮುಟ್ಟುತ್ತದೆ, ಆಗ ಕಬ್ಬಿಣದ ತುಕ್ಕು ಮೇಲಕ್ಕೆ ಉಕ್ಕಿ ಬರುತ್ತದೆ. ಉಗುರಿಗೆ ನುಣುಪಾಗಿ ಹತ್ತಿದರೆ ಪದರ ಉಳಿದಿದೆ, ತಿಕ್ಕಿದರೆ ಹೊಳಪು ಬರುತ್ತದೆ. ತಗ್ಗು ಹತ್ತಿದರೆ, ಸಿಪ್ಪೆಯಂತೆ ಎದ್ದಿದ್ದರೆ, ಅಲ್ಲಿ ಪದರವೇ ಇಲ್ಲ. ಇಲ್ಲದ್ದನ್ನು ತಿಕ್ಕಿ ತರಲಿಕ್ಕೆ ಆಗುವುದಿಲ್ಲ. ಮತ್ತೆ ಕ್ರೋಮ್ ಹಾಕುವುದು ಮನೆಯಲ್ಲಿ ಮಾಡುವ ಕೆಲಸವಲ್ಲ, ಅದನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಮಾಡುತ್ತಾರೆ. ಆ ದ್ರಾವಣ ವಿಷ.

ಇನ್ನು ತಿಕ್ಕುವ ಬಗ್ಗೆ. ಮೊದಲು ಸೋಪಿನ ನೀರಿನಿಂದ ಎರೆಮಣ್ಣು, ಸಗಣಿ, ಧೂಳು ಎಲ್ಲ ತೊಳೆದೆ. ಮಣ್ಣಿದ್ದಂತೆಯೇ ತಿಕ್ಕಿದರೆ ಅದರಲ್ಲಿನ ಉಸುಕು ಗೀರು ಹಾಕುತ್ತದೆ. ಆಮೇಲೆ ಚಾಚಾ ಕೊಟ್ಟ ಬೆಳ್ಳಿ ಹಾಳೆ. ಹೋಟೆಲಿನಲ್ಲಿ ರೊಟ್ಟಿ, ಪಲ್ಯ ಸುತ್ತಿಕೊಡುತ್ತಾರಲ್ಲ, ಅದೇ ಅಲ್ಯೂಮಿನಿಯಂ ಹಾಳೆ. ಅದನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದೆ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗೆ, ಅದಕ್ಕೆ ಕ್ರೋಮ್ ಗೀಚುವುದಿಲ್ಲ, ತುಕ್ಕು ಮಾತ್ರ ಕಳಚಿ ಬರುತ್ತದೆ. ಕೈಯೆಲ್ಲ ಕಪ್ಪು ರಾಡಿ ಆಯಿತು. ಒರೆಸಿ ನೋಡಿದರೆ ಹ್ಯಾಂಡಲ್ಲಿನಲ್ಲಿ ನನ್ನ ಮುಖ ಕಂಡಿತು. ಮೂಗು ಕುಂಬಳಕಾಯಿಯಷ್ಟಾಗಿ ಕಂಡರೂ ಕಂಡಿತಲ್ಲ!

ರಿಮ್ಮಿನ ಮೇಲೆ, ಕಡ್ಡಿಗಳ ಬುಡದಲ್ಲಿ ತುಕ್ಕು ಗಟ್ಟಿಯಾಗಿತ್ತು. ಅಲ್ಲಿಗೆ ಅವ್ವ ತಾಮ್ರದ ಕೊಡ ಬೆಳಗಲು ಇಟ್ಟಿದ್ದ ಹುಣಸೆಹಣ್ಣು ಕಿವುಚಿ ಹಚ್ಚಿದೆ. ಹುಣಸೆಯ ಹುಳಿಗೆ ತುಕ್ಕು ಸಡಿಲಾಗುತ್ತದೆ. ಹತ್ತು ನಿಮಿಷ ಸಾಕು. ಹುಳಿಯನ್ನು ಹಾಗೇ ಬಿಟ್ಟರೆ ಅದೇ ಮತ್ತೆ ಕಬ್ಬಿಣ ತಿನ್ನುತ್ತದೆ, ಅದಕ್ಕೆ ಪೂರ್ತಿ ತೊಳೆಯಬೇಕು. ನಮ್ಮ ಕಡೆ ಬೋರಿನ ನೀರು ಗಡಸು. ಹಾಗೇ ಆರಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ತೊಳೆದ ಕೂಡಲೇ ಅಪ್ಪನ ಹಳೆ ಧೋತರದ ತುಂಡಿನಿಂದ ಒರೆಸಿ ಬಿಸಿಲಿಗೆ ನಿಲ್ಲಿಸಿದೆ.

ಪಾಯಖಾನೆ ತೊಳೆಯುವ ಆಸಿಡ್ ಹಾಕಿದರೆ ಒಂದು ನಿಮಿಷದ ಕೆಲಸ ಅಂತ ಪಕ್ಕದ ಮನೆಯವರು ಹೇಳಿದರು. ನಾನು ಹಾಕಲಿಲ್ಲ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಅದು ತುಕ್ಕಿನ ಜೊತೆ ಕ್ರೋಮನ್ನೂ ತಿಂದುಹಾಕುತ್ತದೆ. ಕೈ, ಕಣ್ಣು ಸುಡುವುದು ಬೇರೆ. ಪಾತ್ರೆ ತಿಕ್ಕುವ ತಂತಿ, ಪಾಲೀಸ್ ಪೇಪರ್ ಕೂಡ ಬೇಡ. ನಮ್ಮ ತಮ್ಮ ಸಹಾಯ ಮಾಡುತ್ತೇನೆ ಅಂತ ಬಂದು ಗಂಟೆಯ ಮೇಲೆ ಇಟ್ಟಂಗಿ ಪುಡಿ ಹಾಕಿ ತಿಕ್ಕಿದ. ಈಗ ಗಂಟೆಯ ನೆತ್ತಿ ಸ್ವಲ್ಪ ಹಳದಿಯಾಗಿ ಕಾಣುತ್ತದೆ. ಅದು ಬಂಗಾರವಲ್ಲ, ಕೆಳಗಿನ ನಿಕಲ್! ಕ್ರೋಮಿನ ಹೊಳಪು ನೀಲಿ ಕಡೆಗೆ, ನಿಕಲ್ಲಿನದು ಹಳದಿ ಕಡೆಗೆ ಇರುತ್ತದೆ. ಪದರ ಎಷ್ಟು ತೆಳು ಎಂದು ನೋಡಬೇಕಾದವರು ಬಂದು ಆ ಗಂಟೆ ನೋಡಬಹುದು. ಸಪ್ಪಳ ಮಾತ್ರ ಮೊದಲಿನಂತೆಯೇ ಇದೆ.

ಕ್ಯಾರಿಯರಿನ ಒಂದು ಕಡೆ ಪದರ ಪೂರ್ತಿ ಸುಲಿದಿತ್ತು. ಅಲ್ಲಿ ತುಕ್ಕು ಕೆರೆದು, ಒಣಗಿಸಿ, ಕಿಟಕಿ ಸರಳಿಗೆ ಬಳಿದು ಉಳಿದಿದ್ದ ಬೆಳ್ಳಿ ಬಣ್ಣ ಬಳಿದೆ. ಹತ್ತಿರದಿಂದ ನೋಡಿದರೆ ತೇಪೆ ಅಂತ ಗೊತ್ತಾಗುತ್ತದೆ. ಅಂಗಿಗೆ ತೇಪೆ ಹಾಕಿಕೊಂಡು ನಾವು ಶಾಲೆಗೆ ಬರುವುದಿಲ್ಲವೇ?

ಹೊಳಪು ಬಂದ ಮೇಲೆ ಅದನ್ನು ಕಾಯುವುದೇ ದೊಡ್ಡ ಕೆಲಸ. ಕುಸುಬಿ ಎಣ್ಣೆ ಹಚ್ಚು ಅಂತ ಅಜ್ಜಿಯೇ ಹೇಳಿದಳು. (ಅಜ್ಜಿ ಹಾಗೆ ಹೇಳಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು.) ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಅದಕ್ಕೆ ಹ್ಯಾಂಡಲ್, ಕ್ಯಾರಿಯರ್, ಕ್ರ್ಯಾಂಕು ಬಿಸಿಲಿಗೆ ಕಾದಿದ್ದಾಗ ಮೇಣದಬತ್ತಿ ತಿಕ್ಕಿ, ಒಣ ಬಟ್ಟೆಯಿಂದ ಉಜ್ಜಿದೆ. ಮೇಣ ಆ ಸಣ್ಣ ತೂತುಗಳನ್ನು ಮುಚ್ಚುತ್ತದೆ, ಮೇಲೆ ನೀರು ನಿಲ್ಲುವುದಿಲ್ಲ. ಚೈನಿಗೆ ಮಾತ್ರ ಅವ್ವನ ಹೊಲಿಗೆ ಯಂತ್ರದ ಎಣ್ಣೆ. ಒಂದು ಮಾತು ಮರೆಯಬ್ಯಾಡ್ರಿ, ರಿಮ್ಮಿಗೆ ಬ್ರೇಕ್ ರಬ್ಬರ್ ತಾಗುವ ಜಾಗಕ್ಕೆ ಮೇಣವನ್ನೂ ಎಣ್ಣೆಯನ್ನೂ ಹಚ್ಚಬಾರದು. ಹಚ್ಚಿದರೆ ಬ್ರೇಕ್ ಜಾರುತ್ತದೆ. ಅಲ್ಲಿ ಆಗಾಗ ಒಣ ಬಟ್ಟೆಯಿಂದ ಒರೆಸುವುದೊಂದೇ ದಾರಿ.

ದಿಲ್ಲಿಯ ಕುತುಬ್ ಮಿನಾರ್ ಹತ್ತಿರದ ಕಬ್ಬಿಣದ ಕಂಬ 1600 ವರ್ಷಕ್ಕಿಂತ ಹೆಚ್ಚು ಕಾಲದಿಂದ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚಿರುವುದರಿಂದ ಅದು ತಾನೇ ತನಗೊಂದು ತೆಳು ಹೊದಿಕೆ ಕಟ್ಟಿಕೊಂಡಿದೆ. ನಮ್ಮ ಸೈಕಲ್ಲಿನ ಕಬ್ಬಿಣ ಅಂಥದ್ದಲ್ಲ, ಅದಕ್ಕೆ ನಾವೇ ಹೊದಿಸಬೇಕು. ನಾನು ಮೇಣ ಹಚ್ಚುತ್ತಿದ್ದಾಗ ಅಪ್ಪ ಬಂದು ನಿಂತ. ಗಂಗಾವತಿ ಕಡೆ ನಮ್ಮ ಮಾಮ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಮಾಮ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಅಪ್ಪ ಅದನ್ನು ನೆನೆಸಿಕೊಂಡು, "ಅಷ್ಟು ದೊಡ್ಡ ಡ್ಯಾಮಿಗೂ ಒಂದು ಚೈನಿನ ಮ್ಯಾಲ ಜೀವ" ಅಂತ ಹೇಳಿ, ಸೈಕಲ್ಲಿನ ಚೈನನ್ನು ಬೆರಳಿನಿಂದ ಎತ್ತಿ ನೋಡಿದ. ಆಮೇಲೆ ತಾನೇ ಹಿಂದಿನ ಗಾಲಿಯ ನಟ್ಟು ಬಿಗಿ ಮಾಡಿದ.

ಗುಜರಿಯವನು ಹೇಳಿದ ದಿನವೇ ಬಂದ. ಈ ಸಲ 400 ಅಂದ. ಅಪ್ಪ, "ಇಲ್ಲಪಾ, ಅದು ಹುಡುಗಿಗೆ ಸಾಲಿಗೆ ಬೇಕು" ಅಂದ. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು, ಏನೂ ಅನ್ನಲಿಲ್ಲ.

ಈಗ ಸೈಕಲ್ ಪಡಸಾಲೆಯಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ನೆನೆದರೆ ಅವತ್ತೇ ಒರೆಸುತ್ತೇನೆ, ತಿಂಗಳಿಗೊಮ್ಮೆ ಮೇಣ ಹಚ್ಚಬೇಕೆಂದಿದ್ದೇನೆ. ಹಿಂದಿನ ಬ್ರೇಕ್ ರಬ್ಬರ್ ಸವೆದಿದೆ, ಅದನ್ನು ಹಾಕಿಸುವುದು ಇನ್ನೂ ಉಳಿದಿದೆ. ನಿಮ್ಮ ಮನೆಯ ಮೂಲೆಯಲ್ಲೂ ಇಂಥ ಸೈಕಲ್ ಇದ್ದರೆ ರವಿವಾರ ಮುಂಜಾನೆ ನಮ್ಮ ಮನೆ ಕಡೆ ತರ್ರಿ. ಅರ್ಧ ಮೇಣದಬತ್ತಿ ಉಳಿದೈತಿ. ಬೆಳ್ಳಿ ಹಾಳೆ ನೀವ ತರಬೇಕು.

ಇಂತಿ ನಿಮ್ಮ ಗೆಳತಿ,
7ನೇ ತರಗತಿ