ಔಷಧಿ ಅಂಗಡಿಯ ಚಹಾ

ರಾಯಚೂರು. ಔಷಧಿ ಅಂಗಡಿಯಲ್ಲಿ ಶುಗರ್ ಮಾತ್ರೆಗಳ ಪಕ್ಕದಲ್ಲೇ ಗ್ರೀನ್ ಟೀ ಡಬ್ಬಿ. ಕೊಳ್ಳುವವರ ಮುಖದಲ್ಲಿ ಪಥ್ಯಕ್ಕೆ ಕೂತವರ ಸಂಕಟ. ಚೀನಾದ ಹಾಂಗ್‌ಝೌ ಊರಿನವರು ತಮ್ಮ ಹೆಸರಾಂತ ಹಸಿರು ಚಹಾ ಲಾಂಗ್‌ಜಿಂಗ್ ಅನ್ನು ರುಚಿಗಾಗಿ, ಕೈ ಸುಡುವ ಬೆಲೆ ಕೊಟ್ಟು ಕುಡಿಯುತ್ತಾರಂತೆ. ಅಲ್ಲಿನ ಸುಖ ಇಲ್ಲಿಗೆ ಬರುವಷ್ಟರಲ್ಲಿ ಶಿಕ್ಷೆಯಾದದ್ದು ಹೇಗೆ?

ಮಾನ್ವಿ. ಮಂಡಾಳ ಒಗ್ಗರಣಿ, ಮಿರ್ಚಿ, ಮೇಲೆ ಒಂದು ಚಾ. ಇಲ್ಲಿ ಕಬ್ಬಿಣದ ಬಾಣಲೆ ಇರುವುದು ಮಿರ್ಚಿಗೆ. ಹಾಂಗ್‌ಝೌನಲ್ಲಿ ಚಹಾದ ಎಲೆಗೆ. ಕೊಯ್ದ ಎಲೆಯನ್ನು ಸ್ವಲ್ಪ ಹೊತ್ತು ಆರಹಾಕಿ, ಕಾದ ಬಾಣಲೆಗೆ ಬರಿಗೈಯಿಂದ ಒತ್ತಿ ಒತ್ತಿ ಚಪ್ಪಟೆ ಮಾಡುತ್ತಾರೆ. ಬಿಸಿ ತಾಗಿದ್ದೇ ಎಲೆ ಕಪ್ಪಾಗುವುದು ನಿಲ್ಲುತ್ತದೆ. ನಮ್ಮ ಚಾಪುಡಿಯ ಎಲೆಯನ್ನಾದರೋ ಯಂತ್ರದಲ್ಲಿ ಅರೆದು, ಗಾಳಿಗೆ ಬಿಟ್ಟು, ಕಪ್ಪಾದ ಮೇಲೆ ಒಣಗಿಸುತ್ತಾರೆ. ತಳಿ ಬೇರೆ, ಗಿಡದ ಜಾತಿ ಒಂದೇ. ಒಂದು ಕಿಲೋ ಲಾಂಗ್‌ಜಿಂಗ್‌ಗೆ ನಾಲ್ಕೈದು ಕಿಲೋ ಹಸಿ ಚಿಗುರು ಬೇಕು. ಏಪ್ರಿಲ್ 5ರ ಆಸುಪಾಸು ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕೊಯ್ದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅದೇ ಹೊತ್ತಿಗೆ ಇಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ. ಆದರೂ ಕುದಿಯುವ ಚಾಕ್ಕೆ ಜನ ಕಡಿಮೆಯಿಲ್ಲ. ಇದೂ ನನಗೆ ಬಿಡಿಸಲಾಗದ ಒಗಟು.

ಒಮ್ಮೆ ಕುದಿಸಿದ ಪುಡಿಗೇ ಮತ್ತೆ ನೀರು ಹಾಕಿದ ಹೋಟೆಲಿನವನಿಗೆ ಇಲ್ಲಿ ಬೈಗುಳ ಗ್ಯಾರಂಟಿ. ಅಲ್ಲಿ ಅದೇ ಮರ್ಯಾದೆ: ಗಾಜಿನ ಲೋಟದಲ್ಲಿ ಎಲೆ ಹಾಗೇ ಇರುತ್ತದೆ, ಸೋಸುವುದಿಲ್ಲ, ಎರಡು ಮೂರು ಸಲ ನೀರು ತುಂಬುತ್ತಾರೆ. ಚಿಯಾನ್‌ಲಾಂಗ್ ಚಕ್ರವರ್ತಿ ಮೆಚ್ಚಿದನೆಂಬ 18 ಗಿಡಗಳನ್ನು ಈಗಲೂ ತೋರಿಸುತ್ತಾರೆ. ಕಥೆ ಇರಬಹುದು, ವ್ಯಾಪಾರಕ್ಕಂತೂ ಒಳ್ಳೆಯದು.

ದೇವದುರ್ಗ. ಇಲ್ಲಿ ಯೋಚನೆ ನೀರಿನ ಕಡೆ ಹೊರಳಿತು. ಲಾಂಗ್‌ಜಿಂಗ್‌ಗೆ ಹುಪಾವೊ ಬುಗ್ಗೆಯ ನೀರೇ ಜೋಡಿ ಎನ್ನುವುದು ಹಾಂಗ್‌ಝೌನವರ ಪಟ್ಟು. ಗಡುಸು ನೀರಿನಲ್ಲಿ ಚಹಾದ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ, ರುಚಿ ಮಂಕಾಗುತ್ತದೆ. ನಮ್ಮ ಕೊಳವೆಬಾವಿಗಳ ನೀರು ಗಡುಸು, ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಬೇರೆ. ಹಾಲು ಸಕ್ಕರೆ ಸುರಿದು ಕುದಿಸಿದರೆ ಆ ದೋಷ ಮುಚ್ಚಿಹೋಗುತ್ತದೆ. ಬರೀ ಎಲೆ ನೆನೆಸಿದರೆ ಎಲ್ಲ ಬಯಲು. ಇತ್ತ ಕೃಷ್ಣೆ, ಅತ್ತ ತುಂಗಭದ್ರೆ: ಹೊಳೆ ನೀರಿಗಾದರೂ ಈ ಎಲೆ ಒಗ್ಗೀತೇ ಎಂದು ಕೇಳಿದ್ದಕ್ಕೆ, ಕುಡಿಯಾಕ ಸಿಕ್ಕರ ಸಾಕ್ರೀ, ಅಂದರು ಪಕ್ಕದವರು.

ಡಬ್ಬಿ ಕೊಂಡವರಿಗೆ ಒಂದು ಮಾತು: ಕುದಿದ ನೀರನ್ನು ಕೆಳಗಿಳಿಸಿ 80 ಡಿಗ್ರಿಗೆ ಆರಲು ಬಿಡಿ, ಆಮೇಲೆ ಎಲೆಗೆ ಸುರಿಯಿರಿ. ಮರಳುವ ನೀರು ಹಾಕಿ ಕಹಿ ಮಾಡಿಕೊಂಡು ಚೀನಾದವರನ್ನು ಬೈಯಬೇಡಿ.